ದಂಡು ಎದ್ದು ಹೋದ ಜಾಗದಲ್ಲಿ ಪಾರ್ಕ್ ಹೆಂಗಾಗ್ತದೆ: ನನ್ನ ನೋಟ್ಸು

ಟೌನ್ ಪ್ಲಾನಿಂಗ್ ಪರೀಕ್ಷೆ ಪೇಪರಲ್ಲಿ ಮಿಲಿಟರಿ ಜಾಗದ ಮರುಅಭಿವೃದ್ಧಿ ಅಂತ ಪ್ರಶ್ನೆ ಬಂತು ಅಂದ್ರೆ ನಾವೆಲ್ಲ ಸೀದಾ ಪೆನ್ಸಿಲ್ ಹಿಡಿದು ಇಲ್ಲಿ ವಾಕಿಂಗ್ ಪಾತ್, ಅಲ್ಲಿ ಕಾರಂಜಿ, ಮೂಲೆಗೊಂದು ಓಪನ್ ಜಿಮ್ ಅಂತ ಬರಿಯೋಕೆ ಶುರು ಮಾಡ್ತೀವಿ. ನಾನೂ ಇಂಟರ್ನಲ್ಸಲ್ಲಿ ಹಂಗೇ ಮಾಡಿ ಹತ್ತಕ್ಕೆ ನಾಲ್ಕು ತಗೊಂಡೆ. ಸರ್ ಕೆಂಪು ಇಂಕಲ್ಲಿ ಬರೆದಿದ್ದು ಒಂದೇ ಸಾಲು, "ಮಣ್ಣು ಯಾರು ನೋಡಿದ್ರು?" ಅಂತ. ಆಮೇಲೆ ಕೂತು ಓದಿದ್ದು ಇದು, ನಿಮಗೂ ಉಪಯೋಗಕ್ಕೆ ಬರ್ತದೆ.

ಮೊದ್ಲು ಮಣ್ಣು. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ಎಲ್ ಟೋರೋ ಅಂತ ಅಮೆರಿಕ ನೌಕಾಪಡೆ ಇಲಾಖೆಯ ಮರೀನ್ ದಳದ ಒಂದು ವಿಮಾನ ನೆಲೆ ಇತ್ತು, 1943ರಲ್ಲಿ ಶುರುವಾಗಿ 1999ರಲ್ಲಿ ಮುಚ್ಚಿದ್ದು, ಸುಮಾರು 4,700 ಎಕರೆ. ಅಲ್ಲಿ ವಿಮಾನದ ಬಿಡಿಭಾಗಗಳ ಜಿಡ್ಡು ತೆಗೆಯೋಕೆ ಟ್ರೈಕ್ಲೋರೋ ಎಥಿಲೀನ್ ಅನ್ನೋ ದ್ರಾವಕ ಬಳಸ್ತಿದ್ರು, ಬಳಸಿ ಮಿಕ್ಕಿದ್ದು ನೆಲಕ್ಕೆ ಹೋಯ್ತು. ನಮ್ಮ ದಾವಣಗೆರೆ ಪಿ.ಬಿ. ರೋಡ್ ಗ್ಯಾರೇಜಲ್ಲಿ ಹುಡುಗ್ರು ಚೈನ್ ತೊಳೆದ ಸೀಮೆಎಣ್ಣೆನ ಚರಂಡಿ ಪಕ್ಕ ಚೆಲ್ತಾರಲ್ಲ, ಹಂಗೇ ಅಂದ್ಕೊಳ್ರಿ. ವ್ಯತ್ಯಾಸ ಏನಂದ್ರೆ ಸೀಮೆಎಣ್ಣೆ ನೀರಿನ ಮೇಲೆ ತೇಲ್ತದೆ, ಇದು ನೀರಿಗಿಂತ ಭಾರ, ಮುಳುಗ್ತಾ ಮುಳುಗ್ತಾ ಅಂತರ್ಜಲದ ತಳಕ್ಕೆ ಹೋಗಿ ಕೂತ್ಕೊಂಡು ಸ್ವಲ್ಪ ಸ್ವಲ್ಪನೇ ಕರಗ್ತಾ ಇರ್ತದೆ, ಅದಕ್ಕೇ ಮೇಲಿನ ಮಣ್ಣು ಎತ್ತಿ ಹಾಕಿದ್ರೂ ಮುಗಿಯಲ್ಲ, ವರ್ಷಾನುಗಟ್ಟಲೆ ಬೋರ್ ಹಾಕಿ ನೀರೆತ್ತಿ ಶುದ್ಧ ಮಾಡ್ಬೇಕು. ಕಲುಷಿತ ನೀರು ನೆಲೆಯ ಬೇಲಿ ದಾಟಿ ಹೊರಗಡೆಗೂ ಹರಿದಿತ್ತು. 1990ರಲ್ಲೇ, ಅಂದ್ರೆ ನೆಲೆ ಇನ್ನೂ ನಡೀತಿದ್ದಾಗಲೇ, ಆ ಜಾಗನ ಅಮೆರಿಕದ ಸೂಪರ್‌ಫಂಡ್ ಪಟ್ಟಿಗೆ, ಅಂದ್ರೆ ಮೊದ್ಲು ಶುದ್ಧ ಮಾಡ್ಬೇಕಾದ ವಿಷದ ಜಾಗಗಳ ಸರ್ಕಾರಿ ಪಟ್ಟಿಗೆ, ಸೇರಿಸಿದ್ರು.

ಇದನ್ನ ಓದಿದ್ಮೇಲೆ ಚಿತ್ರದುರ್ಗದ ಕೋಟೆಗೆ ಹೋದಾಗ ಸಿಡಿಮದ್ದು ಬೀಸೋ ಕಲ್ಲಿನ ಹತ್ರ ನಿಂತು ನೋಡಿದೆ. ತಗ್ಗಲ್ಲಿ ಇರೋ ಆ ದೊಡ್ಡ ಬೀಸೋ ಕಲ್ಲುಗಳು ಗೊತ್ತಲ್ಲ. ಅದೂ ದಂಡಿನ ಕಾರ್ಖಾನೆನೇ. ಆದ್ರೆ ಮದ್ದು ಅಂದ್ರೆ ಪೆಟ್ಲುಪ್ಪು, ಗಂಧಕ, ಇದ್ದಿಲು ಅಷ್ಟೇ, ಪೆಟ್ಲುಪ್ಪು ಮಳೇಲಿ ಉಪ್ಪಿನ ಥರ ಕರಗಿ ಹೋಗ್ತದೆ. 1779ರಲ್ಲಿ ಹೈದರಾಲಿ ಕೋಟೆ ತಗೊಂಡು ಹತ್ರ ಹತ್ರ 250 ವರ್ಷ ಆಯ್ತು, ಈಗ ಆ ಕಲ್ಲಿನ ಮೇಲೆ ಮಕ್ಕಳು ಕೂತು ಮಂಡಕ್ಕಿ ತಿಂತಾವೆ. ಎಲ್ ಟೋರೋ ಥರದ್ದು ಹಂಗೆ ತಾನಾಗೇ ಹೋಗಲ್ಲ. ಉತ್ತರದಲ್ಲಿ ಈ ಹೋಲಿಕೆ ಹಾಕ್ರಿ, ಬೇರೆ ಯಾರೂ ಬರೆದಿರಲ್ಲ.

ಎರಡನೇದು ದುಡ್ಡು. ಎಲ್ ಟೋರೋದಲ್ಲಿ ವಿಮಾನ ನಿಲ್ದಾಣ ಬೇಕಾ ಪಾರ್ಕ್ ಬೇಕಾ ಅಂತ ವರ್ಷಗಟ್ಟಲೆ ಜಗಳ ಆಗಿ, 2002ರಲ್ಲಿ ಜನ ವೋಟ್ ಹಾಕಿ ಪಾರ್ಕ್ ಅಂದ್ರು. ನೌಕಾಪಡೆ 2005ರಲ್ಲಿ ಜಾಗ ಹರಾಜು ಹಾಕ್ತು, ಒಂದು ಬಿಲ್ಡರ್ ಕಂಪನಿ ಸುಮಾರು 65 ಕೋಟಿ ಡಾಲರ್‌ಗೆ ಹಿಡೀತು. ಒಪ್ಪಂದ ಏನಂದ್ರೆ ಮನೆ ಕಟ್ಟೋ ಹಕ್ಕು ಕಂಪನಿಗೆ, ಅದ್ರ ಬದಲಿಗೆ ಪಾರ್ಕಿಗೆ 1,300 ಎಕರೆ ಮೇಲ್ಪಟ್ಟು ಜಾಗ ಮತ್ತೆ ದುಡ್ಡು ಊರಿಗೆ. ಕೇಳೋಕೆ ಚೆನ್ನಾಗೈತೆ. 2007ರಲ್ಲಿ ಜನ ಹತ್ತಿ ನೋಡೋಕೆ ಕಿತ್ತಳೆ ಬಣ್ಣದ ಒಂದು ಬಲೂನು ಹಾರಿಸಿದ್ರು, ಮುಂದಿನ ವರ್ಷನೇ ಮನೆ ಮಾರ್ಕೆಟ್ ಬಿದ್ದೋಯ್ತು, ಪಾರ್ಕೂ ಕುಂಟ್ತು. ಸೈಟ್ ಮಾರಿದ ದುಡ್ಡಲ್ಲೇ ಪಾರ್ಕ್ ಮಾಡ್ತೀವಿ ಅನ್ನೋರ ಕಥೆ ನಮ್ಮೂರ ಲೇಔಟುಗಳಲ್ಲೂ ನೋಡಿರ್ತೀರಿ.

ಇದಕ್ಕೆ ಎದುರು ಉದಾಹರಣೆ ಸ್ಯಾನ್ ಫ್ರಾನ್ಸಿಸ್ಕೋದ ಪ್ರೆಸಿಡಿಯೋ, ನನಗೆ ಇದೇ ಹಿಡಿಸಿದ್ದು. 1776ರಲ್ಲಿ ಸ್ಪೇನಿನೋರು ಹಾಕಿದ ಠಾಣೆ, ಸುಮಾರು 1,500 ಎಕರೆ, ಅಮೆರಿಕದ ಸೈನ್ಯ 1994ರಲ್ಲಿ ಬಿಟ್ಟು ಹೋಯ್ತು. 1996ರಲ್ಲಿ ಸಂಸತ್ತು ಒಂದು ಟ್ರಸ್ಟ್ ಮಾಡಿ, 2013ರೊಳಗೆ ನಿಮ್ಮ ಖರ್ಚು ನೀವೇ ನೋಡ್ಕೊಳ್ಬೇಕು ಅಂತ ಷರತ್ತು ಹಾಕ್ತು. ಟ್ರಸ್ಟಿನೋರು ಜಾಗ ಮಾರ್ಲಿಲ್ಲ, ಆಫೀಸರ್‌ಗಳ ಹಳೇ ಮನೆ, ಬ್ಯಾರಕ್ಕು ಎಲ್ಲ ರಿಪೇರಿ ಮಾಡಿ ಬಾಡಿಗೆಗೆ ಕೊಟ್ರು, ಆ ಬಾಡಿಗೇಲೇ ಮರ, ದಾರಿ ಎಲ್ಲ ನೋಡ್ಕೊಂಡು ಟೈಮಿಗೆ ಸರಿಯಾಗಿ ಮುಟ್ಟಿದ್ರು. ಒಳಗೇ ಇರೋ ಕ್ರಿಸಿ ಫೀಲ್ಡ್ ಹಿಂದೆ ಜೌಗು, 1915ರ ವಸ್ತುಪ್ರದರ್ಶನಕ್ಕೆ ಮುಚ್ಚಿದ್ರು, ಆಮೇಲೆ ಸೈನ್ಯದ ಏರ್‌ಫೀಲ್ಡ್ ಆಯ್ತು, 2001ರ ಹೊತ್ತಿಗೆ ವಿಷದ ಮಣ್ಣು ತೆಗೆದು ಮತ್ತೆ ಸಮುದ್ರದ ನೀರು ಒಳಗೆ ಬಿಟ್ರು.

ಏನೂ ಕಟ್ಟದೇ ಬಿಡೋದೂ ಒಂದು ಪ್ಲಾನೇ ಅಂತ ಬರಿಯೋಕೆ ಬರ್ಲಿನ್ನಿನ ಟೆಂಪಲ್‌ಹೋಫ್ ಸಾಕು. ಹಿಂದೆ ಪ್ರಷ್ಯಾ ದಂಡಿನ ಕವಾಯತು ಮೈದಾನ, ಆಮೇಲೆ ವಿಮಾನ ನಿಲ್ದಾಣ, 2008ರಲ್ಲಿ ಬಂದ್, 2010ರಲ್ಲಿ ಜನಕ್ಕೆ ಬಿಟ್ರು. ಅಂಚಲ್ಲಿ ಮನೆ ಕಟ್ತೀವಿ ಅಂತ ಸರ್ಕಾರ ಬಂದಾಗ 2014ರ ಜನಮತದಲ್ಲಿ ಬ್ಯಾಡ ಅಂದ್ರು. ರನ್‌ವೇ ಹಂಗೇ ಐತೆ, ಜನ ಸೈಕಲ್ ಹೊಡೀತಾರೆ.

ಚಿತ್ರದುರ್ಗ ಜಿಲ್ಲೆಗೆ ಬಂದ್ರೆ ಎರಡು ಮಾತು. ಕೋಟೆ ಪುರಾತತ್ವ ಇಲಾಖೆ ಕೈಲಿರೋ ಸಂರಕ್ಷಿತ ಸ್ಮಾರಕ, 2010ರ ತಿದ್ದುಪಡಿ ಪ್ರಕಾರ ಸುತ್ತ 100 ಮೀಟರ್ ಹೊಸ ಕಟ್ಟಡಕ್ಕೆ ನಿಷೇಧ, ಅದ್ರಾಚೆ 200 ಮೀಟರ್ ಪರ್ಮಿಷನ್ ಬೇಕು. ಹಾಗಾಗಿ ಕೋಟೆ ಬುಡದಲ್ಲಿ ಫುಡ್ ಕೋರ್ಟ್ ಬರೆದ್ರೆ ಮಾರ್ಕ್ಸ್ ಹೋಯ್ತು, ನಮ್ಮ ಫ್ರೆಂಡೊಬ್ಬ ಮೂರಂತಸ್ತು ಬರೆದಿದ್ದ. ಇನ್ನೊಂದು ಚಳ್ಳಕೆರೆ ಕಡೆ ಅಮೃತ್ ಮಹಲ್ ಕಾವಲು. ಹೈದರ್, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆಯೋ ಎತ್ತುಗಳು ಮೇಯ್ತಿದ್ದ ದಂಡಿನ ಹುಲ್ಲುಗಾವಲು, ಆಮೇಲೆ ಊರವರ ಕುರಿ ದನ ಮೇದವು, ಈಗ ಸಾವಿರಾರು ಎಕರೆ ರಕ್ಷಣಾ ಮತ್ತೆ ವಿಜ್ಞಾನ ಸಂಸ್ಥೆಗಳಿಗೆ ಹೋಗಿ ಮತ್ತೆ ಬೇಲಿ ಬಿದ್ದೈತೆ. ಪುಸ್ತಕದಲ್ಲಿರೋ ಉದಾಹರಣೆಗಳೆಲ್ಲ ದಂಡಿಂದ ಜನಕ್ಕೆ, ಇಲ್ಲಿ ದಿಕ್ಕು ಉಲ್ಟಾ. ಇದನ್ನ ಉತ್ತರದಲ್ಲಿ ಎಲ್ಲಿ ಸೇರಿಸೋದು ಅಂತ ಸರ್‌ನ ಕೇಳಿದ್ರೆ ನಕ್ಕು, "ಕೊನೆಗೆ ಬರಿ, ಆದ್ರೆ ಬರಿ" ಅಂದ್ರು.