ಚಹಾದಲ್ಲಿರುವುದೂ ಕೆಫೀನೇ

ಕಾಫಿಯಲ್ಲಿರುವುದು ಕೆಫೀನ್, ಚಹಾದಲ್ಲಿರುವುದು ಥೀಯಿನ್, ಚಹಾದ್ದು ಸೌಮ್ಯ, ಎಷ್ಟು ಕುಡಿದರೂ ಏನೂ ಆಗಲ್ಲ ಅಂತ ನಂಬಿರುವವರು ಈಗಲೂ ತುಂಬಾ ಜನ ಇದ್ದಾರೆ. ಇದು ನಿಜವಲ್ಲ. ಥೀಯಿನ್ ಅನ್ನೋ ಬೇರೆ ವಸ್ತುವೇ ಇಲ್ಲ.

ಈ ಗೊಂದಲಕ್ಕೆ ಒಂದು ಕಾರಣವಿದೆ. 1819ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ರುಂಗೆ ಕಾಫಿ ಬೀಜದಿಂದ ಕೆಫೀನನ್ನು ಬೇರ್ಪಡಿಸಿದ. ಅವನಿಗೆ ಬೀಜ ಕೊಟ್ಟು ಪರೀಕ್ಷೆ ಮಾಡಿ ನೋಡು ಅಂದವನು ಕವಿ ಗಯಟೆ! 1827ರಲ್ಲಿ ಊದ್ರಿ ಎಂಬಾತನಿಗೆ ಚಹಾದಲ್ಲಿ ಅಂಥದ್ದೇ ವಸ್ತು ಸಿಕ್ಕಿತು, ಅದು ಹೊಸದು ಅಂದುಕೊಂಡು ಥೀಯಿನ್ ಅಂತ ಹೆಸರಿಟ್ಟ. ಎರಡೂ ಒಂದೇ ಅಂತ 1838ರಲ್ಲೇ ಗೊತ್ತಾಯಿತು, ಹೆಸರು ಮಾತ್ರ ಉಳಿದುಬಿಟ್ಟಿತು.

ಕೆಫೀನ್ ಕೆಲಸ ಮಾಡುವ ರೀತಿ ನನಗೆ ತುಂಬಾ ಇಷ್ಟ. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಜಾಸ್ತಿಯಾಗುತ್ತಾ ಹೋಗುತ್ತದೆ, ಅದು ನರಕೋಶಗಳ ಮೇಲಿನ ಗ್ರಾಹಕಗಳಿಗೆ, ಅಂದರೆ ಇಂಥ ವಸ್ತುಗಳು ಬಂದು ಕೂರುವ ಜಾಗಗಳಿಗೆ, ಅಂಟಿಕೊಂಡರೆ ತೂಕಡಿಕೆ ಶುರು. ಕೆಫೀನಿನ ಆಕಾರ ಹೆಚ್ಚುಕಡಿಮೆ ಅಡೆನೊಸಿನ್ ಹಾಗೇ ಇರುವುದರಿಂದ, ಬೇರೆಯವರ ಸೀಟಿನಲ್ಲಿ ಮೊದಲೇ ಹೋಗಿ ಕೂತ ಹಾಗೆ, ಅದು ಆ ಗ್ರಾಹಕಗಳನ್ನು ಹಿಡಿದುಬಿಡುತ್ತದೆ. ಅಂದರೆ ಚಹಾ ಶಕ್ತಿ ಕೊಡುವುದಿಲ್ಲ, ದಣಿವಿನ ಸುದ್ದಿಯನ್ನು ತಡೆಯುತ್ತದೆ ಅಷ್ಟೇ. ಅಡೆನೊಸಿನ್ ಎಲ್ಲಿಗೂ ಹೋಗಿರುವುದಿಲ್ಲ, ಕೆಫೀನ್ ಇಳಿದ ಮೇಲೆ ನಿದ್ದೆ ಒತ್ತಿಕೊಂಡು ಬರುವುದು ಅದಕ್ಕೇ.

ಹಾಗಾದರೆ ಕಾಫಿ ಯಾಕೆ ಜೋರು ಅನಿಸುತ್ತದೆ? ತೂಕಕ್ಕೆ ತೂಕ ನೋಡಿದರೆ ಒಣ ಚಹಾ ಎಲೆಯಲ್ಲೇ ಕೆಫೀನ್ ಜಾಸ್ತಿ, ಸುಮಾರು ನೂರಕ್ಕೆ 2ರಿಂದ 4 ಪಾಲು. ಅರೇಬಿಕಾ ತಳಿಯ ಕಾಫಿ ಬೀಜದಲ್ಲಿ 1 ಪಾಲಿಗಿಂತ ಸ್ವಲ್ಪ ಹೆಚ್ಚು. ಆದರೆ ಒಂದು ಕಪ್ ಚಹಾಕ್ಕೆ ನಾವು ಹಾಕುವ ಎಲೆ ತುಂಬಾ ಕಡಿಮೆ ಅಲ್ವಾ? ಜೊತೆಗೆ ಚಹಾದಲ್ಲಿ ಥಿಯಾನಿನ್ ಎಂಬ ಅಮೈನೋ ಆಮ್ಲವೂ ಇದೆ, ಚಹಾ ಕೊಡುವ ಹದವಾದ ಎಚ್ಚರದಲ್ಲಿ ಅದರ ಪಾಲೂ ಇರಬಹುದು ಅನ್ನುತ್ತಾರೆ. ಥೀಯಿನ್ ಬೇರೆ, ಥಿಯಾನಿನ್ ಬೇರೆ.

ಗಿಡ ಇದನ್ನೆಲ್ಲ ಮಾಡಿಕೊಂಡಿದ್ದು ನಮಗಾಗಿ ಅಲ್ಲ. ಎಲೆ ತಿನ್ನುವ ಹುಳಗಳಿಗೆ ಕೆಫೀನ್ ವಿಷ, ಹಾಗಾಗಿ ಮೊಗ್ಗು ಮತ್ತು ಎಳೆ ಚಿಗುರಿನಲ್ಲೇ ಅದು ಹೆಚ್ಚು. ನಾವು ಕಿತ್ತುಕೊಳ್ಳುವುದೂ ಅದನ್ನೇ.

ಇನ್ನೊಂದು ಮಾತು. ಚಹಾ ಎಲೆ ನೆನೆಸಿದ ಮೊದಲ ಅರ್ಧ ನಿಮಿಷದ ನೀರು ಚೆಲ್ಲಿದರೆ ಕೆಫೀನ್ ಹೋಗುತ್ತದೆ ಅನ್ನುತ್ತಾರೆ, ಆದರೆ ಬಹುಪಾಲು ಎಲೆಯಲ್ಲೇ ಉಳಿದಿರುತ್ತದೆ. ಕುಡಿದದ್ದರಲ್ಲಿ ಅರ್ಧ ಇಳಿಯುವುದಕ್ಕೆ ಸುಮಾರು 5 ಗಂಟೆ ಬೇಕು, ಗರ್ಭಿಣಿಯರಲ್ಲಿ ಇನ್ನೂ ಜಾಸ್ತಿ. ಅವರಿಗೆ ದಿನಕ್ಕೆ 200 ಮಿಲಿಗ್ರಾಂ ದಾಟಬೇಡಿ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಹೇಳುತ್ತದೆ, ಆ ಲೆಕ್ಕಕ್ಕೆ ಚಹಾವೂ ಸೇರುತ್ತದೆ.