ನೀಲಗಿರಿ ಎಣ್ಣೆ ಹಾಕಿ ಹಬೆ ತಗೊಂಡರೆ ಸೈನಸ್ ಸೋಂಕು ಹೋಗುತ್ತಾ?

ಪ್ರಶ್ನೆ: ಐದು ದಿನದಿಂದ ಮೂಗು ಕಟ್ಟಿದೆ. ಹಣೆ, ಕೆನ್ನೆ ಎಲ್ಲ ಭಾರ. ಸಿಂಬಳ ಹಳದಿಗೆ ತಿರುಗಿದೆ. ನೀಲಗಿರಿ ಎಣ್ಣೆ ಹಾಕಿ ಹಬೆ ತಗೊಂಡರೆ ಸೈನಸ್ ಸೋಂಕು ಹೋಗುತ್ತೆ, ಆ್ಯಂಟಿಬಯೋಟಿಕ್ ಬೇಕಾಗಲ್ಲ ಅಂತಾರೆ. ನಿಜವಾ? ಎಷ್ಟು ಹನಿ ಹಾಕಬೇಕು? ನಾಲ್ಕು ವರ್ಷದ ಮಗನಿಗೂ ನೆಗಡಿ ಆಗಿದೆ, ಅವನಿಗೂ ಕೊಡಬಹುದಾ?

ಉತ್ತರ: ಒಂದು ಲೀಟರ್ ನೀರಿಗೆ ಎರಡರಿಂದ ಮೂರು ಹನಿ, ಅಷ್ಟೇ. ಮಗನಿಗೆ ಬೇಡ. ಎಣ್ಣೆಯಿಂದ ಸೋಂಕು ಹೋಗುವುದಿಲ್ಲ. ಆದರೆ ನೀವು ಹೇಳುವ ಈ ಹಂತದಲ್ಲಿ ಆ್ಯಂಟಿಬಯೋಟಿಕ್ ಕೂಡ ಬಹುಮಟ್ಟಿಗೆ ಬೇಕಾಗುವುದಿಲ್ಲ. ಐದನೇ ದಿನದ ಕಟ್ಟಿದ ಮೂಗು ಸಾಮಾನ್ಯವಾಗಿ ವೈರಸ್ಸಿನ ಕೆಲಸ, ಅದು ತಾನಾಗಿ ಇಳಿಯುತ್ತದೆ. ಆ ಹೊತ್ತಿಗೆ ಸರಿಯಾಗಿ ನೀವು ಹಬೆ ತಗೊಂಡಿರುತ್ತೀರಿ, ಹೆಸರು ಎಣ್ಣೆಗೆ ಹೋಗುತ್ತದೆ.

ಸಿಂಬಳ ಹಳದಿ ಅಥವಾ ಹಸಿರಾದ ಕೂಡಲೇ ಬ್ಯಾಕ್ಟೀರಿಯಾ ಎಂದು ತೀರ್ಮಾನಿಸಬೇಡಿ. ಆ ಹಸಿರು ನಮ್ಮದೇ ಬಿಳಿ ರಕ್ತಕಣಗಳಲ್ಲಿರುವ ಒಂದು ಕಿಣ್ವದ ಬಣ್ಣ. ವೈರಸ್ ನೆಗಡಿಯಲ್ಲೂ ಮೂರನೇ ನಾಲ್ಕನೇ ದಿನಕ್ಕೆ ಹೀಗಾಗುವುದು ಮಾಮೂಲು. ಬರೀ ನೆಗಡಿಯಾಗಿ ಶುರುವಾದದ್ದು ಬ್ಯಾಕ್ಟೀರಿಯಾ ಸೈನಸೈಟಿಸ್‌ಗೆ, ಅಂದರೆ ಬ್ಯಾಕ್ಟೀರಿಯಾದಿಂದಾಗುವ ಸೈನಸ್ ಸೋಂಕಿಗೆ, ತಿರುಗುವುದು ದೊಡ್ಡವರಲ್ಲಿ ನೂರಕ್ಕೆ ಒಂದೋ ಎರಡೋ ಸಲ ಮಾತ್ರ.

ಎಣ್ಣೆಯ ಆವಿ ಎಲ್ಲಿಯವರೆಗೆ ಹೋಗುತ್ತದೆ?

ಸೈನಸ್ ಎಂದರೆ ಕಾಯಿಲೆಯ ಹೆಸರಲ್ಲ. "ನಂಗೆ ಸೈನಸ್ ಇದೆ" ಅಂತ ಹೇಳುವವರಿಗೂ ಹೇಳದವರಿಗೂ ಅದು ಇದ್ದೇ ಇರುತ್ತದೆ: ಕೆನ್ನೆ, ಹಣೆ, ಕಣ್ಣುಗಳ ನಡುವೆ, ಅದರ ಹಿಂದೆ ಆಳದಲ್ಲಿ, ಹೀಗೆ ನಾಲ್ಕು ಜೋಡಿ ಗಾಳಿ ತುಂಬಿದ ಟೊಳ್ಳುಗಳು. ಕೆನ್ನೆಯ ಸೈನಸ್ ಎಲ್ಲಕ್ಕಿಂತ ದೊಡ್ಡದು. ಆದರೆ ಅದರ ಬಾಯಿ ಕೆಲವೇ ಮಿಲಿಮೀಟರ್ ಅಗಲ, ಅದೂ ತಳದಲ್ಲಲ್ಲ, ಗೋಡೆಯ ಮೇಲ್ಭಾಗದಲ್ಲಿದೆ. ತೊಟ್ಟಿಯ ತೂಬನ್ನು ಮೇಲ್ಗಡೆ ಇಟ್ಟಂತೆ. ಒಳಗಿನ ಲೋಳೆಯನ್ನು ಸೂಕ್ಷ್ಮ ರೋಮಗಳು ಮೇಲಕ್ಕೆ ತಳ್ಳಿ ತಳ್ಳಿ ಹೊರಗೆ ಹಾಕುತ್ತಿರುತ್ತವೆ. ನೆಗಡಿಯಲ್ಲಿ ಮೂಗಿನ ಒಳಪೊರೆ ಊದಿದಾಗ ಈ ಸಣ್ಣ ಬಾಯಿ ಮುಚ್ಚಿಕೊಳ್ಳುತ್ತದೆ, ಲೋಳೆ ಒಳಗೇ ಉಳಿಯುತ್ತದೆ, ಬಗ್ಗಿದರೆ ಮುಖ ಭಾರ.

ಬಾಯಿ ಮುಚ್ಚಿದ ಗೂಡಿನೊಳಕ್ಕೆ ನೀವು ಎಳೆದುಕೊಂಡ ಆವಿ ಹೋಗುವುದು ಹೇಗೆ? ಹೋಗುವುದು ಬಹಳ ಕಡಿಮೆ. ಪ್ರಯೋಗಾಲಯದ ಗಾಜಿನ ತಟ್ಟೆಯ ಮೇಲೆ ಟೀ ಟ್ರೀ ಎಣ್ಣೆ, ಓಮದ ಎಣ್ಣೆ, ನೀಲಗಿರಿ ಎಣ್ಣೆ ಬ್ಯಾಕ್ಟೀರಿಯಾ ಕೊಲ್ಲುತ್ತವೆ, ಅದು ಸುಳ್ಳಲ್ಲ. ಆದರೆ ಅಲ್ಲಿ ಎಣ್ಣೆ ನೇರವಾಗಿ ಬ್ಯಾಕ್ಟೀರಿಯಾದ ಮೇಲೆ ಬಿದ್ದಿರುತ್ತದೆ. ಆ ಸಾಂದ್ರತೆ ನಿಮ್ಮ ಕೆನ್ನೆಯ ಮೂಳೆಯೊಳಗೆ ಮುಟ್ಟಬೇಕಾದರೆ ಅದಕ್ಕೂ ಮೊದಲು ಮೂಗಿನ ಪೊರೆ ಸುಟ್ಟಿರುತ್ತದೆ.

ಹಾಗಾದರೆ ಮೂಸಿದ ಕೂಡಲೇ ಮೂಗು "ಬಿಟ್ಟಿತು" ಅನ್ನಿಸುವುದು ಏಕೆ? ಪುದೀನಾ ಎಣ್ಣೆಯ ಮೆಂಥಾಲ್ ಮತ್ತು ನೀಲಗಿರಿ ಎಣ್ಣೆಯ ಸಿನಿಯೋಲ್ ಮೂಗಿನೊಳಗೆ ತಂಪನ್ನು ಗುರುತಿಸುವ ನರದ ತುದಿಗಳನ್ನು ಕೆಣಕುತ್ತವೆ. ಮೂಗಿನಲ್ಲಿ ಗಾಳಿ ಓಡಾಡುತ್ತಿದೆ ಎಂದು ಮಿದುಳಿಗೆ ಗೊತ್ತಾಗುವುದೇ ಆ ತಂಪಿನಿಂದ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಸಂಶೋಧಕ ರಾನ್ ಎಕಲ್ಸ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಇದನ್ನು ಅಳೆದು ನೋಡಿದರು. ಮೆಂಥಾಲ್ ಮೂಸಿದವರು ಉಸಿರು ಸಲೀಸಾಯಿತು ಎಂದರು, ಯಂತ್ರದ ಲೆಕ್ಕದಲ್ಲಿ ಮೂಗಿನ ದಾರಿ ಒಂದಿಷ್ಟೂ ಅಗಲವಾಗಿರಲಿಲ್ಲ. ಇದನ್ನು ಮೋಸ ಎನ್ನಬೇಕಿಲ್ಲ. ರಾತ್ರಿ ಹನ್ನೊಂದಕ್ಕೆ ನಿದ್ದೆ ಬರದೆ ಒದ್ದಾಡುವವರಿಗೆ ಉಸಿರು ಸಲೀಸಾಯಿತು ಎಂಬ ಅನಿಸಿಕೆಯೇ ಬೇಕಾಗಿರುವುದು. ಅದನ್ನು ಚಿಕಿತ್ಸೆ ಎಂದು ತಿಳಿದು ಹದಿನೈದು ದಿನ ಕಾಯುವುದು ಮಾತ್ರ ತಪ್ಪು.

ಜರ್ಮನಿಯಲ್ಲಿ ಸಿನಿಯೋಲ್ ಅನ್ನು 200 ಮಿಲಿಗ್ರಾಂ ಕ್ಯಾಪ್ಸೂಲಾಗಿ, ದಿನಕ್ಕೆ ಮೂರು ಸಲ ನುಂಗಲು ಕೊಟ್ಟು ಸೈನಸೈಟಿಸ್‌ನಲ್ಲಿ ಪರೀಕ್ಷಿಸಿದ್ದಾರೆ, ಲಕ್ಷಣ ಬೇಗ ತಗ್ಗಿದೆ. ಅದು ಹೊಟ್ಟೆಯಲ್ಲಿ ಕರಗದೆ ಕರುಳಿನಲ್ಲಿ ಬಿಚ್ಚಿಕೊಳ್ಳುವಂತೆ ಮಾಡಿದ, ಅಳತೆ ಗೊತ್ತಿರುವ ಔಷಧಿ. ಇದನ್ನು ಓದಿ ಯಾರೂ ಸೀಸೆಯಿಂದ ಎಣ್ಣೆಯನ್ನು ಸಕ್ಕರೆಗೆ ಹಾಕಿಕೊಂಡು ನುಂಗಬಾರದು.

ಬರೀ ಹಬೆಯ ಬಗ್ಗೆಯೂ ಒಂದು ಮಾತು. ಇಂಗ್ಲೆಂಡಿನಲ್ಲಿ ಪದೇ ಪದೇ ಸೈನಸ್ ತೊಂದರೆ ಬರುವ 871 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಬೆಯಿಂದ ಸೈನಸ್ ಲಕ್ಷಣಗಳಿಗೆ ಉಪಯೋಗ ಕಾಣಲಿಲ್ಲ. ಉಪ್ಪುನೀರಿನಿಂದ ಮೂಗು ತೊಳೆದವರಿಗೆ ಸ್ವಲ್ಪ ಗುಣ ಕಂಡಿತು. ನಮ್ಮಲ್ಲಿ ಇದು ತಿರುಗುಮುರುಗಾಗಿದೆ: ಹಬೆ ಎಲ್ಲರೂ ತಗೊಳ್ಳುತ್ತಾರೆ, ಉಪ್ಪುನೀರಿನಿಂದ ಮೂಗು ತೊಳೆಯುವ ಜಲನೇತಿ ಯೋಗ ಶಿಬಿರದಲ್ಲೇ ಉಳಿದುಬಿಟ್ಟಿದೆ.

ಹಬೆ ತಗೊಳ್ಳುವುದಾದರೆ

ಅಗಲ ಬಾಯಿಯ, ತಳ ಭಾರವಿರುವ ಪಾತ್ರೆಯಲ್ಲಿ ಒಂದು ಲೀಟರ್ ನೀರು ಕುದಿಸಿ. ಒಲೆ ಆರಿಸಿ ಎರಡು ಮೂರು ನಿಮಿಷ ಬಿಡಿ. ನಂತರ ಎಣ್ಣೆ ಹಾಕಿ. ಕುದಿಯುವಾಗಲೇ ಹಾಕಿದರೆ ಅದು ನೀವು ಕೂರುವ ಮೊದಲೇ ಅಡುಗೆಮನೆಯ ತುಂಬ ಹಾರಿಹೋಗುತ್ತದೆ. ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ, ಮೇಲೆ ತೆಳ್ಳಗೆ ಹರಡಿ ತೇಲುತ್ತದೆ. ಹಾಗಾಗಿ ಹೆಚ್ಚಿನ ಪಾಲು ಮೊದಲ ಒಂದೆರಡು ನಿಮಿಷದಲ್ಲೇ ಒಟ್ಟಿಗೆ ಮೇಲೇಳುತ್ತದೆ. ಹತ್ತು ಹನಿ ಹಾಕಿದವರ ಕಣ್ಣು ಉರಿದು, ಕೆಮ್ಮು ಒತ್ತರಿಸಿ ಬರುವುದು ಇದಕ್ಕೇ. ಮೊದಲ ಸಲ ಒಂದೇ ಹನಿ ಹಾಕಿ ನೋಡಿ.

ಕಣ್ಣು ಮುಚ್ಚಿರಬೇಕು. ಮುಖ ಒಂದು ಗೇಣಿಗಿಂತ ಹತ್ತಿರ ಬೇಡ. ಮೂಗಿನಿಂದ ನಿಧಾನ ಉಸಿರು. ಐದು ನಿಮಿಷ ಸಾಕು, ದಿನಕ್ಕೆ ಎರಡು ಸಲ. ಮುಗಿದ ಕೂಡಲೇ, ಲೋಳೆ ಸಡಿಲವಾಗಿರುವಾಗ, ಒಂದೊಂದೇ ಹೊಳ್ಳೆಯನ್ನು ಮೆಲ್ಲಗೆ ಸೀದಿ. ಎರಡೂ ಒತ್ತಿ ಜೋರಾಗಿ ಸೀದಿದರೆ ಲೋಳೆ ಸೈನಸ್ಸಿನ ಕಡೆಗೇ ಹಿಂದಕ್ಕೆ ಹೋಗಬಹುದು, ಕಿವಿಯೂ ಅಡರುತ್ತದೆ.

ನಮ್ಮ ಮನೆಗಳ ರೂಢಿಯೇ ಬಹಳ ಅಪಾಯದ್ದು. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತು, ಪಾತ್ರೆಯನ್ನು ಮಂಡಿಗಳ ನಡುವೆ ಇಟ್ಟುಕೊಂಡು, ಮೇಲೆ ಕಂಬಳಿ ಹೊದ್ದು ಬಗ್ಗುವುದು. ಒಳಗೆ ಕತ್ತಲೆ, ಕಣ್ಣು ಮುಚ್ಚಿದೆ, ಕಂಬಳಿಯ ಅಂಚು ಪಾತ್ರೆಯ ಹಿಡಿಗೆ ಸಿಕ್ಕಿದರೆ ಕುದಿನೀರು ಸೀದಾ ತೊಡೆಯ ಮೇಲೆ. ಪಾತ್ರೆಯನ್ನು ಅಡುಗೆಮನೆಯ ಸಿಂಕಿನೊಳಗೇ ಇಟ್ಟು ನಿಂತುಕೊಂಡು ತಗೊಳ್ಳಿ, ಚೆಲ್ಲಿದರೂ ಚರಂಡಿಗೆ ಹೋಗುತ್ತದೆ. ಕಂಬಳಿ ಬದಲು ತೆಳು ಟವೆಲ್ ಸಾಕು. ನಿಲ್ಲಲಾಗದ ವಯಸ್ಸಾದವರಿಗೆ ಮೇಜಿನ ಮೇಲೆ, ಪಾತ್ರೆಯ ಕೆಳಗೆ ಒದ್ದೆ ಬಟ್ಟೆ ಹಾಸಿ, ಜಾರದಂತೆ ಇಟ್ಟುಕೊಡಿ.

ಪ್ಲಾಸ್ಟಿಕ್ ಸ್ಟೀಮರ್ ಇದ್ದರೆ ಎಣ್ಣೆಯನ್ನು ನೀರಿನ ತೊಟ್ಟಿಗೆ ಹಾಕಬೇಡಿ. ಸಿನಿಯೋಲ್ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ, ಬಿರುಕು ಬಿಡಬಹುದು. ಔಷಧಿಗೆಂದೇ ಪ್ರತ್ಯೇಕ ಬಟ್ಟಲಿದ್ದರೆ ಅಲ್ಲಿ ಹಾಕಿ. ನೆಬ್ಯುಲೈಸರಿಗಂತೂ ಯಾವ ಎಣ್ಣೆಯೂ ಬೇಡ. ಅದು ಎಣ್ಣೆಯನ್ನು ಸೂಕ್ಷ್ಮ ಹನಿಗಳಾಗಿ ಶ್ವಾಸಕೋಶದ ಆಳಕ್ಕೆ ಒಯ್ಯುತ್ತದೆ, ಅಲ್ಲಿ ಎಣ್ಣೆ ಸೇರಿದರೆ ನ್ಯುಮೋನಿಯಾ. ಮೂಗಿನ ಹೊಳ್ಳೆಗೆ ನೇರ ಹನಿ ಬಿಡುವುದಕ್ಕೂ ಇದೇ ಉತ್ತರ. ಅಂಗಡಿಯಲ್ಲಿ ಸಿಗುವ, ಹಬೆಗೆ ಕತ್ತರಿಸಿ ಹಾಕುವ ಕ್ಯಾಪ್ಸೂಲಿನಲ್ಲೂ ಇರುವುದು ಮೆಂಥಾಲ್, ಕರ್ಪೂರ, ನೀಲಗಿರಿಯೇ. ಅದನ್ನು ಹಾಕಿದರೆ ಮೇಲೆ ಮತ್ತೆ ಎಣ್ಣೆ ಹಾಕಬೇಡಿ. ಮಾತ್ರೆಗಳ ಡಬ್ಬಿಯಲ್ಲಿ ಇಡಬೇಡಿ, ನುಂಗಿಬಿಡುವವರಿದ್ದಾರೆ.

ಇಷ್ಟೆಲ್ಲ ರಗಳೆ ಬೇಡ ಎನ್ನುವವರಿಗೆ ಕರವಸ್ತ್ರಕ್ಕೆ ಒಂದು ಹನಿ ಹಾಕಿ ದಿಂಬಿನ ಅಂಚಿಗೆ ಇಡುವುದು, ಅಥವಾ ಹುರಿದ ಓಮವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮೂಸುವುದು. ಅನುಕೂಲ ಹೆಚ್ಚುಕಮ್ಮಿ ಅಷ್ಟೇ, ಸುಟ್ಟುಕೊಳ್ಳುವ ಭಯವಿಲ್ಲ. ಅರಿಶಿನದ ಕೊಂಬು ಸುಟ್ಟ ಹೊಗೆ ಮಾತ್ರ ಬೇಡ. ಹೊಗೆ ಹೊಗೆಯೇ, ಊದಿದ ಪೊರೆ ಇನ್ನಷ್ಟು ಕೆರಳುತ್ತದೆ.

ಮಗನ ವಿಷಯ

ಎರಡು ಮಾತಿಲ್ಲ, ನಾಲ್ಕು ವರ್ಷದವನಿಗೆ ಬಿಸಿನೀರಿನ ಪಾತ್ರೆಯೂ ಬೇಡ, ಎಣ್ಣೆಯೂ ಬೇಡ. ಮೆಂಥಾಲ್, ಕರ್ಪೂರದ ಘಾಟು ಎಳೆಮಕ್ಕಳ ಮೂಗಿನ ಬಳಿ ಬಂದರೆ ಗಂಟಲ ಪೆಟ್ಟಿಗೆ ಬಿಗಿದು ಉಸಿರು ನಿಂತುಬಿಡಬಹುದು, ಅದಕ್ಕೇ ಎರಡು ವರ್ಷದೊಳಗಿನವರಿಗೆ ಎದೆಗೆ ಹಚ್ಚುವ ಬಾಮ್ ಕೂಡ ನಿಷಿದ್ಧ. ನೀಲಗಿರಿ ಎಣ್ಣೆಯಿಂದ ಫಿಟ್ಸ್ ಬರುವುದೂ ಉಂಟು. ನುಂಗಿದಾಗ ಮಾತ್ರವಲ್ಲ, ಮೂಸಿದಾಗಲೂ ಬಂದದ್ದನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು 2017ರಲ್ಲಿ ವರದಿ ಮಾಡಿದ್ದಾರೆ. ಹಿಂದೆ ಜ್ವರದಲ್ಲಿ ಫಿಟ್ಸ್ ಬಂದ ಮಗು, ಮೂರ್ಛೆರೋಗ ಇರುವ ದೊಡ್ಡವರು ಈ ಎಣ್ಣೆಯಿಂದ ಪೂರಾ ದೂರವಿರಬೇಕು. ಆಸ್ತಮಾ ಇರುವವರಿಗೆ ಘಾಟಿನಿಂದಲೇ ಉಬ್ಬಸ ಕೆರಳಬಹುದು.

ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್ ನೀಲಗಿರಿ ಎಣ್ಣೆ ಮಗುವಿನ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಕುತ್ತು. ಕೆಮ್ಮಿನ ಔಷಧಿಯ ಪಕ್ಕದಲ್ಲಿ ಅದೇ ಗಾತ್ರದ ಸೀಸೆ ಇಡುವ ಮನೆಗಳಲ್ಲಿ ಈ ಎಡವಟ್ಟು ನಡೆಯುತ್ತದೆ. ಮಗು ಕುಡಿದರೆ ವಾಂತಿ ಮಾಡಿಸಬೇಡಿ, ವಾಂತಿಯಲ್ಲಿ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಸೀಸೆಯನ್ನೂ ಕೈಲಿ ಹಿಡಿದು ಆಸ್ಪತ್ರೆಗೆ ಓಡಿ.

ಮಗನ ಮೂಗಿಗೆ ಔಷಧಿ ಅಂಗಡಿಯ ಉಪ್ಪುನೀರಿನ ಹನಿ, ಒಂದೊಂದು ಹೊಳ್ಳೆಗೆ ಎರಡು ಹನಿ, ಊಟಕ್ಕೆ ಮತ್ತು ಮಲಗುವುದಕ್ಕೆ ಮುಂಚೆ. ಅಷ್ಟರಲ್ಲಿ ಬಹಳ ಮಕ್ಕಳು ಸುಧಾರಿಸುತ್ತಾರೆ.

ಸೀಸೆಯಲ್ಲಿ ಏನಿದೆ?

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾಲುಸಾಲಾಗಿ ಕಾಣುವ ನೀಲಗಿರಿ ಮರ ಹೆಚ್ಚಾಗಿ 'ಮೈಸೂರು ಗಮ್' ಎಂಬ ಜಾತಿ, ಕಾಗದಕ್ಕೆ, ಕಂಬಕ್ಕೆ ಬೆಳೆದದ್ದು. ಔಷಧಿಯ ಎಣ್ಣೆ ಹೆಚ್ಚಾಗಿ ಬರುವುದು ಊಟಿ ಕಡೆ ಬೆಳೆಯುವ ಗ್ಲೋಬ್ಯುಲಸ್ ಜಾತಿಯ ಎಲೆಯಿಂದ. ಚೀಟಿಯ ಮೇಲೆ ಯೂಕಲಿಪ್ಟಸ್ ಗ್ಲೋಬ್ಯುಲಸ್ ಎಂಬ ಹೆಸರು, ಸಿನಿಯೋಲ್ 70 ಶೇಕಡಾಕ್ಕಿಂತ ಹೆಚ್ಚು ಎಂಬ ವಿವರ, ತಯಾರಿಸಿದ ತಿಂಗಳು ಇರಬೇಕು. ಬಿಳಿ ಕಾಗದಕ್ಕೆ ಒಂದು ಹನಿ ಬಿಟ್ಟು ಮರುದಿನ ನೋಡಿ. ಜಿಡ್ಡಿನ ಕಲೆ ಉಳಿದಿದ್ದರೆ ಅಡುಗೆ ಎಣ್ಣೆಯಂಥದ್ದೇನೋ ಬೆರೆತಿದೆ. ಟರ್ಪೆಂಟೈನ್ ಬೆರೆಸಿದ್ದರೆ ಈ ಪರೀಕ್ಷೆಗೆ ಸಿಕ್ಕುವುದಿಲ್ಲ, ಅದೂ ಆರಿಹೋಗುತ್ತದೆ.

ಮೂಗು ತೊಳೆಯುವ ನೀರು

ಮೇಲೆ ಹೇಳಿದ ಅಧ್ಯಯನದಲ್ಲಿ ಕೈಹಿಡಿದದ್ದು ಇದು. ನೀರನ್ನು ಕುದಿಸಿ, ಕುದಿ ಬಂದ ಮೇಲೂ ಒಂದು ನಿಮಿಷ ಬಿಟ್ಟು, ಉಗುರುಬೆಚ್ಚಗೆ ಆರಿಸಿ. 250 ಮಿಲಿಲೀಟರಿಗೆ ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ ಪುಡಿ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಉಪ್ಪು ಕಡಿಮೆಯಾದರೂ ಹೆಚ್ಚಾದರೂ ಮೂಗು ಉರಿಯುತ್ತದೆ. ಕಣ್ಣೀರಿನಷ್ಟು ಉಪ್ಪಿದ್ದರೆ ಗೊತ್ತೇ ಆಗುವುದಿಲ್ಲ. ಸಿಂಕಿನ ಮೇಲೆ ಬಗ್ಗಿ, ತಲೆ ಒಂದು ಪಕ್ಕಕ್ಕೆ ವಾಲಿಸಿ, ಬಾಯಿಂದ ಉಸಿರಾಡುತ್ತ ಮೇಲಿನ ಹೊಳ್ಳೆಗೆ ಸುರಿದರೆ ಕೆಳಗಿನದರಿಂದ ಬರುತ್ತದೆ.

ನಲ್ಲಿ ನೀರು, ಬಾವಿ ನೀರು, ಶುದ್ಧ ಘಟಕದ ಕ್ಯಾನ್ ನೀರು, ಯಾವುದನ್ನೂ ಕುದಿಸದೆ ಬಳಸಬೇಡಿ. ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಜನರನ್ನು ಬಲಿ ತೆಗೆದುಕೊಂಡ ಮಿದುಳಿನ ಅಮೀಬಾ ಸೋಂಕು ಒಳಗೆ ಹೋಗುವ ಮುಖ್ಯ ದಾರಿ ಮೂಗೇ. ಮತ್ತೆ, ಈ ನೀರಿಗೂ "ಒಂದೇ ಒಂದು ಹನಿ" ಎಣ್ಣೆ ಹಾಕಬೇಡಿ.

ಯಾವಾಗ ವೈದ್ಯರ ಬಳಿ?

ಹತ್ತು ದಿನ ಕಳೆದರೂ ಇಳಿಯದಿದ್ದರೆ. ಐದಾರು ದಿನಕ್ಕೆ ಕಡಿಮೆಯಾಗಿ ಮತ್ತೆ ಜ್ವರ, ನೋವು ಏರಿದರೆ. ಅಥವಾ ಶುರುವಿನಿಂದಲೇ 102 ಡಿಗ್ರಿ ಜ್ವರದ ಜೊತೆ ಕೀವಿನಂಥ ಸಿಂಬಳ, ಮುಖದ ನೋವು ಮೂರ್ನಾಲ್ಕು ದಿನ ಹಿಡಿದಿದ್ದರೆ. ಆ್ಯಂಟಿಬಯೋಟಿಕ್ ಬೇಕೇ ಎಂಬ ಲೆಕ್ಕ ಶುರುವಾಗುವುದು ಇಲ್ಲಿಂದ. ಅಲ್ಲಿಯವರೆಗೆ ಮೂಗು ಬಿಡಿಸುವ ಸ್ಪ್ರೇ ಬಳಸುವವರು ಐದು ದಿನಕ್ಕಿಂತ ಮುಂದೆ ಹೋಗಬೇಡಿ, ಆಮೇಲೆ ಆ ಸ್ಪ್ರೇಯೇ ಮೂಗು ಕಟ್ಟಿಸುತ್ತದೆ.

ಕಣ್ಣಿನ ಸುತ್ತ ಊತ, ಒಂದು ಎರಡಾಗಿ ಕಾಣುವುದು, ಕತ್ತು ಬಿಗಿತ, ಮಂಪರು ಇದ್ದರೆ ದಿನ ಎಣಿಸುತ್ತ ಕೂರಬೇಡಿ, ಅವತ್ತೇ ಹೋಗಿ. ಸಕ್ಕರೆ ಕಾಯಿಲೆಯವರ ಮೂಗಿನಿಂದ ಕಪ್ಪು ದ್ರವ ಬಂದರೆ ಅಥವಾ ಅವರ ಮುಖದ ಒಂದು ಭಾಗ ಜೋಮು ಹಿಡಿದರೆ 2021ರಲ್ಲಿ ಎಲ್ಲರ ಬಾಯಲ್ಲಿದ್ದ ಕಪ್ಪು ಶಿಲೀಂಧ್ರ ಇರಬಹುದು, ಅದರಲ್ಲಿ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ.

ವರ್ಷಪೂರ್ತಿ "ಸೈನಸ್" ಎನ್ನುವವರದ್ದು ಬೇರೆ ಕತೆ. ಸೀನು, ಮೂಗಿನ ತುರಿಕೆ ಜೊತೆಗಿದ್ದರೆ ಅದು ಧೂಳಿನದೋ ಪಾರ್ಥೇನಿಯಂ ಪರಾಗದ್ದೋ ಅಲರ್ಜಿ ಇರಬಹುದು. ಬೆಳಕು ನೋಡಲಾಗದೆ, ವಾಕರಿಕೆಯೊಡನೆ ಬರುವ ಹಣೆನೋವು ಮೈಗ್ರೇನ್ ಆಗಿರುವುದೇ ಹೆಚ್ಚು. ಒಂದೇ ಪಕ್ಕದ ಕೆನ್ನೆ ನೋವು, ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಕೀವು ಇದ್ದರೆ ಮೇಲಿನ ದವಡೆಹಲ್ಲನ್ನು ಬೆರಳಿನಿಂದ ತಟ್ಟಿ ನೋಡಿ. ನೋವಾದರೆ ದಂತವೈದ್ಯರ ಬಳಿ ಹೋಗಿ. ಆ ಹಲ್ಲಿನ ಬೇರು ಕೆನ್ನೆಯ ಸೈನಸ್ಸಿನ ತಳಕ್ಕೆ ತಾಗಿಕೊಂಡೇ ಇರುತ್ತದೆ.