ಚಾಗೋಸ್ ದ್ವೀಪಗಳು ಯಾರವು? ಅರವತ್ತು ವರ್ಷದ ಜಗಳದ ಹಿನ್ನೆಲೆ

2025ರ ಮೇ 22ರಂದು ಬ್ರಿಟನ್ ಮತ್ತು ಮಾರಿಷಸ್ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಚಾಗೋಸ್ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಡಲು ಬ್ರಿಟನ್ ಕೊನೆಗೂ ಒಪ್ಪಿತು. ಎಲ್ಲೋ ದೂರದ ಎರಡು ದೇಶಗಳ ವ್ಯವಹಾರ ಅಂತ ನಮ್ಮ ಸಾಗರ, ಹೊಸನಗರದ ಕಡೆಯವರು ಇದನ್ನು ಸುಮ್ನೆ ಬಿಟ್ಟುಬಿಡಬಾರದು. ಮುಳುಗಡೆ ಕಂಡ ಸೀಮೆಯವರಿಗೆ ಇದು ಬೇಗ ಅರ್ಥವಾಗುವ ಕಥೆ.

ಮಾಲ್ಡೀವ್ಸ್‌ನಿಂದ ದಕ್ಷಿಣಕ್ಕೆ ಸುಮಾರು 500 ಕಿ.ಮೀ. ಹೋದರೆ ಚಾಗೋಸ್ ಸಿಗುತ್ತದೆ. ಅರವತ್ತರಷ್ಟು ಪುಟ್ಟ ದ್ವೀಪಗಳು. ಎಲ್ಲಕ್ಕಿಂತ ದೊಡ್ಡದು ಡಿಯಾಗೊ ಗಾರ್ಸಿಯಾ. ಮಾರಿಷಸ್ ಅಲ್ಲಿಂದ 2,000 ಕಿ.ಮೀ.ಗೂ ಜಾಸ್ತಿ ದೂರ. 18ನೇ ಶತಮಾನದ ಕೊನೆಗೆ ಫ್ರೆಂಚರು ತೆಂಗಿನ ತೋಟ ಮಾಡಲು ಆಫ್ರಿಕಾ ಕಡೆಯಿಂದ ಗುಲಾಮರನ್ನು ಇಲ್ಲಿಗೆ ತಂದರು. 1814ರಲ್ಲಿ ದ್ವೀಪಗಳು ಬ್ರಿಟಿಷರ ಪಾಲಾದವು. ಗುಲಾಮಗಿರಿ ಹೋಯಿತು, ಜನ ಅಲ್ಲೇ ಉಳಿದರು. ಭಾರತದಿಂದ ಹೋದ ಕೂಲಿಗಳೂ ಅವರೊಂದಿಗೆ ಬೆರೆತರು. ಕಾಯಿ ಸುಲಿಯುವುದು, ಕೊಬ್ಬರಿ ಒಣಗಿಸುವುದು, ಮೀನು ಹಿಡಿಯುವುದು ಅವರ ಬದುಕು. ಕೊಬ್ಬರಿ ಒಯ್ಯುವ ಹಡಗೇ ಅಕ್ಕಿ ತರುತ್ತಿತ್ತು.

1960ರ ದಶಕದಲ್ಲಿ ಅಮೆರಿಕಕ್ಕೆ ಹಿಂದೂ ಮಹಾಸಾಗರದಲ್ಲಿ ಒಂದು ಸೇನಾನೆಲೆ ಬೇಕಿತ್ತು. ಮಾರಿಷಸ್ ಆಗ ಸ್ವಾತಂತ್ರ್ಯದ ಹೊಸ್ತಿಲಲ್ಲಿತ್ತು. ವಸಾಹತನ್ನು ಒಡೆದು ಸ್ವಾತಂತ್ರ್ಯ ಕೊಡಬಾರದು ಎಂಬುದು ವಿಶ್ವಸಂಸ್ಥೆಯ 1960ರ ಘೋಷಣೆಯ ಆಶಯ. ಆದರೂ 1965ರ ನವೆಂಬರ್ 8ರಂದು ಬ್ರಿಟನ್ ಚಾಗೋಸನ್ನು ಮಾರಿಷಸ್‌ನಿಂದ ಬೇರೆ ಮಾಡಿತು. ಬದಲಿಗೆ ಕೊಟ್ಟದ್ದು 30 ಲಕ್ಷ ಪೌಂಡ್. ಮಾರಿಷಸ್ ನಾಯಕರು ಒಪ್ಪಿದ್ದರು ಎಂದು ಬ್ರಿಟನ್ ವಾದಿಸುತ್ತಾ ಬಂತು. ಹೇಗೆ ಒಪ್ಪಿಸಿದರು? ಅದಕ್ಕೂ ಮೊದಲು ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಪ್ರಧಾನಿ ಹೆರಾಲ್ಡ್ ವಿಲ್ಸನ್ ಮಾರಿಷಸ್‌ನ ನಾಯಕ ರಾಮ್‌ಗೂಲಮ್ ಅವರನ್ನು ಭೇಟಿಯಾಗುವವರಿದ್ದರು. ಆಗ ವಿಲ್ಸನ್ ಕೈಗೆ ಅಧಿಕಾರಿಗಳು ಒಂದು ಟಿಪ್ಪಣಿ ಕೊಟ್ಟಿದ್ದರು. ಸ್ವಾತಂತ್ರ್ಯ ಸಿಗುವ ಆಸೆಯನ್ನೂ ತೋರಿಸಿ, ದ್ವೀಪ ಬಿಡದಿದ್ದರೆ ಅದು ಸಿಗಲಿಕ್ಕಿಲ್ಲ ಎಂಬ ಹೆದರಿಕೆಯನ್ನೂ ಹುಟ್ಟಿಸಿ ಎಂಬುದು ಅದರ ತಿರುಳು. ಇದನ್ನು ಒಪ್ಪಿಗೆ ಅಂತ ಕರೆಯಲು ನನಗಂತೂ ಮನಸ್ಸು ಬರುವುದಿಲ್ಲ.

ಅಮೆರಿಕಕ್ಕೆ ಜನರಿಲ್ಲದ ದ್ವೀಪ ಬೇಕಿತ್ತು. ಅಲ್ಲಿ ಕಾಯಂ ವಾಸಿಗಳೇ ಇಲ್ಲ, ಇರುವವರೆಲ್ಲ ಗುತ್ತಿಗೆ ಕೂಲಿಗಳು ಎಂದು ಬ್ರಿಟಿಷ್ ಅಧಿಕಾರಿಗಳು ಕಾಗದದ ಮೇಲೆ ತೋರಿಸಿದರು. ತಲೆಮಾರುಗಳ ಗೋರಿ ಇದ್ದ ಊರಿನವರ ಬಗ್ಗೆ ಹೀಗೆ! 1968ರ ಹೊತ್ತಿಗೆ ರೀಟಾ ಬಂಕೂಲ್ ಎಂಬ ತಾಯಿ, ಗಾಡಿಯ ಚಕ್ರಕ್ಕೆ ಸಿಕ್ಕಿ ಗಾಯಗೊಂಡ ಮಗಳನ್ನು ಕರೆದುಕೊಂಡು ಮಾರಿಷಸ್ ಆಸ್ಪತ್ರೆಗೆ ಹೋದರು. ಮಗಳು ಉಳಿಯಲಿಲ್ಲ. ವಾಪಸ್ ಹೊರಟರೆ, ದ್ವೀಪ ಮಾರಾಟವಾಗಿದೆ, ಇನ್ನು ಅಲ್ಲಿಗೆ ಹೋಗುವಂತಿಲ್ಲ ಎಂಬ ಉತ್ತರ ಸಿಕ್ಕಿತು. 1971ರಲ್ಲಿ ಡಿಯಾಗೊ ಗಾರ್ಸಿಯಾದ ಸಾಕುನಾಯಿಗಳನ್ನು ಕೊಬ್ಬರಿ ಒಣಗಿಸುವ ಮನೆಯಲ್ಲಿ ಕೂಡಿಹಾಕಿ, ವಾಹನದ ಹೊಗೆ ಬಿಟ್ಟು ಕೊಂದರು. 1973ರೊಳಗೆ ಸುಮಾರು 1,500ರಿಂದ 2,000 ಜನ ಊರು ಕಳೆದುಕೊಂಡು ಮಾರಿಷಸ್, ಸೇಶೆಲ್ಸ್ ಸೇರಿದರು.

ನಮ್ಮಲ್ಲಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿತು. ನಾಡಿಗೆ ಕರೆಂಟ್ ಬಂತು, ಶರಾವತಿ ಕಣಿವೆಯ ಊರುಗಳು ನೀರಿಗೆ ಹೋದವು. ಹಕ್ಕುಪತ್ರಕ್ಕಾಗಿ ಅಲೆಯುವ ಮುಳುಗಡೆ ಸಂತ್ರಸ್ತರು ಇವತ್ತಿಗೂ ಇದ್ದಾರೆ. ಎರಡೂ ಒಂದೇ ಅಂತ ಹೇಳುತ್ತಿಲ್ಲ. ಆದರೆ ದೊಡ್ಡವರ ಲೆಕ್ಕದಲ್ಲಿ ಊರಿನವರು ಹೇಗೆ ಬಿಟ್ಟುಹೋಗುತ್ತಾರೆ ಅಂತ ನಮಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ಮುಂದೆ ನಡೆದದ್ದು ಎರಡು ಜಗಳ. ಒಂದು ಊರಿನವರದ್ದು. ರೀಟಾ ಅವರ ಮಗ ಒಲಿವಿಯೆ ಬಂಕೂಲ್ ಊರಿಗೆ ಮರಳಲು ಹೂಡಿದ ದಾವೆಯನ್ನು 2000ದಲ್ಲಿ ಲಂಡನ್ ಹೈಕೋರ್ಟ್‌ನಲ್ಲಿ ಗೆದ್ದರು. 2004ರಲ್ಲಿ ಸರ್ಕಾರ ರಾಣಿಯ ಆದೇಶ ಹೊರಡಿಸಿ, ಸಂಸತ್ತಿನಲ್ಲಿ ಚರ್ಚೆಯೇ ಇಲ್ಲದೆ ಮತ್ತೆ ಬಾಗಿಲು ಹಾಕಿತು. 2008ರಲ್ಲಿ ಬ್ರಿಟನ್‌ನ ಅತ್ಯುನ್ನತ ಪೀಠ 3–2ರಲ್ಲಿ ಸರ್ಕಾರದ ಪರ ನಿಂತಿತು.

ಇನ್ನೊಂದು ಮಾರಿಷಸ್ ಸರ್ಕಾರದ್ದು, ನೆಲದ ಒಡೆತನದ್ದು. 2019ರ ಫೆಬ್ರವರಿಯಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ತನ್ನ ಸಲಹಾ ಅಭಿಪ್ರಾಯ ಕೊಟ್ಟಿತು. ದ್ವೀಪ ಬೇರೆ ಮಾಡಿದ್ದು ಕಾನೂನುಬಾಹಿರ, ಬ್ರಿಟನ್ ಆದಷ್ಟು ಬೇಗ ಜಾಗ ಖಾಲಿ ಮಾಡಬೇಕು ಎಂದಿತು. ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 116 ದೇಶಗಳು ಮಾರಿಷಸ್ ಪರ ಮತ ಹಾಕಿದವು, ವಿರುದ್ಧ 6. ಭಾರತವೂ ಮಾರಿಷಸ್ ಪರವೇ ಇತ್ತು.

2025ರ ಒಪ್ಪಂದ ಹುಟ್ಟಿದ್ದು ಈ ಎರಡನೇ ಜಗಳದಿಂದ. ಅದರ ಪ್ರಕಾರ ಡಿಯಾಗೊ ಗಾರ್ಸಿಯಾದ ಸೇನಾನೆಲೆ 99 ವರ್ಷ ಹಾಗೇ ಇರುತ್ತದೆ. ಅದಕ್ಕೆ ಬ್ರಿಟನ್ ವರ್ಷಕ್ಕೆ ಸರಾಸರಿ 10.1 ಕೋಟಿ ಪೌಂಡ್ ಕೊಡಬೇಕು. ಉಳಿದ ದ್ವೀಪಗಳಲ್ಲಿ ಜನರಿಗೆ ಮತ್ತೆ ನೆಲೆ ಕೊಡಬಹುದು, ಡಿಯಾಗೊ ಗಾರ್ಸಿಯಾದಲ್ಲಿ ಮಾತ್ರ ಇಲ್ಲ. ಒಲಿವಿಯೆ ಬಂಕೂಲ್ ಈ ಒಪ್ಪಂದವನ್ನು ಸ್ವಾಗತಿಸಿದರು. ಎಲ್ಲ ದ್ವೀಪವಾಸಿಗಳೂ ಹಾಗೆ ಮಾಡಲಿಲ್ಲ. ಡಿಯಾಗೊ ಗಾರ್ಸಿಯಾದಲ್ಲೇ ಹುಟ್ಟಿದ ಇಬ್ಬರು ಮಹಿಳೆಯರು ಲಂಡನ್ ಕೋರ್ಟಿಗೆ ಹೋದರು. ಸಹಿ ಹಾಕಬೇಕಿದ್ದ ದಿನ ಬೆಳಕು ಹರಿಯುವ ಮುಂಚೆಯೇ ತಡೆಯಾಜ್ಞೆ ತಂದರು. ಮಧ್ಯಾಹ್ನದ ಹೊತ್ತಿಗೆ ಅದು ತೆರವಾಯಿತು, ಅದೇ ದಿನ ಸಹಿಯೂ ಆಯಿತು. ಒಪ್ಪಂದದ ಪ್ರಕಾರ, ಉಳಿದ ದ್ವೀಪಗಳಲ್ಲಿ ಯಾರಿಗೆ ನೆಲೆ ಕೊಡಬೇಕು ಎಂದು ತೀರ್ಮಾನಿಸುವುದು ಮಾರಿಷಸ್ ಸರ್ಕಾರ.